ಖಾಲಿ ಪಿಕಪ್ ಕುಣಿಯುತ್ತದೆಂದು ಪ್ಲೇಟ್ ಕೀಳಿಸಬೇಡಿ

ಮಾನ್ಯ ಸಂಪಾದಕರೇ,

ಕೋಲಾರ, ಚಿಂತಾಮಣಿ ಕಡೆಯ ಟೊಮೆಟೊ ಗಾಡಿಗಳಿರಲಿ, ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಗೋವಾಕ್ಕೆ ತರಕಾರಿ ಒಯ್ಯುವ ಗಾಡಿಗಳಿರಲಿ, ಪಿಕಪ್ ಚಾಲಕರದು ಒಂದೇ ದೂರು. ಲೋಡ್ ಇದ್ದಾಗ ತೊಟ್ಟಿಲಿನ ಹಾಗೆ ಹೋದ ಗಾಡಿ ಖಾಲಿಯಾಗಿ ಮರಳುವಾಗ ಹಿಂದಿನಿಂದ ಎತ್ತೆತ್ತಿ ಕುಕ್ಕುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಮಾತು ಗಾಡಿಗೂ ಸಲ್ಲುತ್ತದೆ. ಇದಕ್ಕೆ ಗ್ಯಾರೇಜುಗಳಲ್ಲಿ ಸಿಗುವ ಸಿದ್ಧ ಮದ್ದು ಒಂದೇ: ‘ಹಿಂದಿನ ಕಮಾನಿನಲ್ಲಿ ಒಂದು ಪ್ಲೇಟ್ ತೆಗೆಸಿಬಿಡಿ.’ (ಕಮಾನು ಎಂದರೆ ಉಕ್ಕಿನ ಪಟ್ಟಿಗಳನ್ನು, ಅಂದರೆ ಪ್ಲೇಟುಗಳನ್ನು, ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್.) ಈ ಮದ್ದು ಕಾಯಿಲೆಗಿಂತ ಕೆಟ್ಟದ್ದು. ಅದು ಯಾಕೆ, ಅದರ ಬದಲು ಏನು ಮಾಡಬಹುದು ಎಂಬುದನ್ನು ಲೆಕ್ಕ ಸಮೇತ ಹೇಳಲು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಓದುಗರು ಕ್ಷಮಿಸಬೇಕು.

ಒಂದೂವರೆ ಟನ್ ಹೊರುವ ಪಿಕಪ್ಪನ್ನೇ ತೆಗೆದುಕೊಳ್ಳಿ. ಖಾಲಿ ಇದ್ದಾಗ ಅದರ ಹಿಂದಿನ ಆಕ್ಸಲ್ ಮೇಲೆ ಹೆಚ್ಚೂಕಮ್ಮಿ 650 ಕೆ.ಜಿ. ಬೀಳುತ್ತದೆ ಎನ್ನೋಣ. ಅದರಲ್ಲಿ ಆಕ್ಸಲ್, ಚಕ್ರ, ಬ್ರೇಕ್ ಡ್ರಮ್ಮುಗಳ 200 ಕೆ.ಜಿ. ಕಳೆದರೆ ಕಮಾನುಗಳು ಹೊರುವುದು 450, ಅಂದರೆ ಒಂದೊಂದು ಬದಿಗೆ 225 ಕೆ.ಜಿ. ಲೋಡ್ ಹಾಕಿದಾಗ ಸುಮಾರು 1,400 ಕೆ.ಜಿ. ಹಿಂದಕ್ಕೇ ಬಂದು ಕೂರುತ್ತದೆ. ಒಂದು ಬದಿಯ ಭಾರ 925ಕ್ಕೆ ಏರುತ್ತದೆ. ನಾಲ್ಕು ಪಟ್ಟು! ಮುಂದಿನ ಆಕ್ಸಲ್‌ಗೆ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ. ಕಾರಿನಲ್ಲಿ ಇಬ್ಬರು ಕೂತರೂ ಐವರು ಕೂತರೂ ಹಿಂದಿನ ಭಾರ ಹೀಗೆ ನಾಲ್ಕು ಪಟ್ಟು ಏರಿಳಿಯುವುದಿಲ್ಲ, ಹಾಗಾಗಿ ಅದಕ್ಕೆ ಮೆತ್ತನೆಯ ಸ್ಪ್ರಿಂಗ್ ಹಾಕಬಹುದು. ಪಿಕಪ್‌ಗೆ ಅಷ್ಟು ಮೆತ್ತನೆಯದು ಹಾಕಿದರೆ ಲೋಡ್ ಹಾಕಿದ ಕ್ಷಣವೇ ಚಾಸಿ (ಗಾಡಿಯ ಅಡಿಚೌಕಟ್ಟು) ಬಂದು ಆಕ್ಸಲ್‌ಗೆ ಬಡಿಯುತ್ತದೆ.

ಈಗ ಮುಖ್ಯ ಕಮಾನು ಒಂದು ಮಿ.ಮೀ. ಬಗ್ಗಲು 12 ಕೆ.ಜಿ. ಕೇಳುತ್ತದೆ ಎಂದಿಟ್ಟುಕೊಳ್ಳಿ. ಖಾಲಿ ಗಾಡಿಯ 225 ಕೆ.ಜಿ.ಗೆ ಅದು ಬಗ್ಗುವುದು 19 ಮಿ.ಮೀ.ಗೂ ಕಡಿಮೆ. ಅಷ್ಟೇ ಬಗ್ಗಿದ ಕಮಾನಿನ ಮೇಲೆ ಗಾಡಿ ಸೆಕೆಂಡಿಗೆ ಸುಮಾರು 3.6 ಸಲ ಏರಿಳಿಯುತ್ತದೆ. ಲೋಡ್ ಬಿದ್ದು, ಮೇಲಿನ ಹೆಲ್ಪರ್ ಪ್ಲೇಟುಗಳೂ ಕೆಲಸಕ್ಕೆ ಬಂದು, ಬಿಗಿತ ಮಿ.ಮೀ.ಗೆ 22 ಕೆ.ಜಿ. ಆದರೂ ಏರಿಳಿತ ಸೆಕೆಂಡಿಗೆ 2.4ಕ್ಕೆ ಇಳಿಯುತ್ತದೆ. ಒಳ್ಳೆಯ ಕಾರಿನಲ್ಲಿ ಇದು 1ರಿಂದ 1.5. ಕೂತಿರುವ ಮನುಷ್ಯನ ದೇಹಕ್ಕೆ, ಅದರಲ್ಲೂ ಬೆನ್ನು ಹೊಟ್ಟೆಗೆ, ಅತಿ ಹೆಚ್ಚು ತ್ರಾಸ ಕೊಡುವ ಮೇಲುಕೆಳಗಿನ ಕಂಪನ ಸೆಕೆಂಡಿಗೆ 4ರಿಂದ 8ರ ನಡುವಿನದು. ಖಾಲಿ ಪಿಕಪ್ ಆ ವಲಯದ ಹೊಸ್ತಿಲಲ್ಲೇ ನಿಂತಿರುತ್ತದೆ. ಚಾಲಕರ ಸೊಂಟ ನೋವಿನ ಗುಟ್ಟು ಇಲ್ಲಿದೆ.

ಇನ್ನು ಪ್ಲೇಟ್ ತೆಗೆಸುವ ವಿಚಾರ. ಒಂದೇ ದಪ್ಪದ ಆರು ಪ್ಲೇಟುಗಳಿರುವ ಕಮಾನಿನಿಂದ ಒಂದನ್ನು ತೆಗೆದರೆ ಬಿಗಿತ ಆರರಲ್ಲಿ ಒಂದು ಪಾಲು ಇಳಿಯುತ್ತದೆ. ಆದರೆ ಏರಿಳಿತದ ವೇಗ ಬಿಗಿತದ ವರ್ಗಮೂಲದ ಲೆಕ್ಕದಲ್ಲಿ ಇಳಿಯುವುದರಿಂದ 3.6 ಇದ್ದದ್ದು 3.3 ಆಗುತ್ತದೆ. ಸಿಕ್ಕ ಲಾಭ ಶೇ 9ರಷ್ಟು. ಅದಕ್ಕೆ ತೆತ್ತ ಬೆಲೆ? ಲೋಡ್ ಹಾಕಿದಾಗ ಉಳಿದ ಐದು ಪ್ಲೇಟುಗಳ ಮೇಲಿನ ಒತ್ತಡ ಶೇ 20 ಏರುತ್ತದೆ. ಉಕ್ಕು ಬಳಲಿ ಮುರಿಯುವ ಆಯಸ್ಸು ಒತ್ತಡ ಏರಿದಷ್ಟೇ ಕಮ್ಮಿಯಾಗುವುದಿಲ್ಲ, ಅದಕ್ಕಿಂತ ಬಹಳ ಬೇಗ ಕುಸಿಯುತ್ತದೆ. ಮೊದಲು ಹೋಗುವುದು ಸಾಮಾನ್ಯವಾಗಿ ತುದಿಗಳಲ್ಲಿ ಬೋಲ್ಟ್ ತೂರುವ ಕಣ್ಣುಗಳಿರುವ ಮೇಲಿನ ಮುಖ್ಯ ಪ್ಲೇಟ್. ಅದು ಮುರಿದರೆ ಆಕ್ಸಲ್ ಒಂದು ಬದಿ ಹಿಂದಕ್ಕೆ ಸರಿದು ಗಾಡಿ ಎತ್ತಲೋ ಎಳೆಯುತ್ತದೆ. ಘಾಟಿಯ ತಿರುವಿನಲ್ಲಿ ಹಾಗಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಗ್ಯಾರೇಜಿನಲ್ಲಿ ಯಾರೂ ಹೇಳದ ಇನ್ನೊಂದು ಸಂಗತಿ ಬ್ರೇಕಿನದು. ಹಲವು ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ. ಅದರ ತುದಿಯಲ್ಲಿ ಲೋಡ್ ಸೆನ್ಸಿಂಗ್ ವಾಲ್ವ್. ಚಾಸಿ ಎಷ್ಟು ತಗ್ಗಿದೆ ಎಂಬುದನ್ನು ನೋಡಿ ಗಾಡಿ ಖಾಲಿಯೋ ಭರ್ತಿಯೋ ಎಂದು ತಿಳಿದು, ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ಅದು ತೀರ್ಮಾನಿಸುತ್ತದೆ. ಪ್ಲೇಟ್ ತೆಗೆದು ಗಾಡಿ ತಗ್ಗಿದರೆ ವಾಲ್ವ್ ‘ಲೋಡ್ ಇದೆ’ ಎಂದು ಮೋಸ ಹೋಗುತ್ತದೆ. ಖಾಲಿ ಗಾಡಿಯ ಹಿಂದಿನ ಚಕ್ರಗಳಿಗೆ ಪೂರ್ತಿ ಬ್ರೇಕ್ ಬಿದ್ದು, ಮಳೆಯಲ್ಲಿ ಚಕ್ರ ಲಾಕ್ ಆಗಿ ಗಾಡಿಯ ಹಿಂಭಾಗ ಪಕ್ಕಕ್ಕೆ ಬೀಸುತ್ತದೆ. ಹೆಚ್ಚುವರಿ ಪ್ಲೇಟ್ ಹಾಕಿ ಗಾಡಿ ಎತ್ತರಿಸಿದರೆ ಆಗುವುದು ಇದರ ತಿರುಗುಮುರುಗು. ಎರಡು ಟನ್ ಹೇರಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದರೂ ವಾಲ್ವ್ ‘ಖಾಲಿ’ ಎಂದುಕೊಂಡು ಹಿಂದಿನ ಬ್ರೇಕನ್ನು ಕಟ್ಟಿಹಾಕುತ್ತದೆ.

ಕುಣಿತದ ದೂರಿನ ಮೂಲ ಬಹಳಷ್ಟು ಗಾಡಿಗಳಲ್ಲಿ ಈ ಹೆಚ್ಚುವರಿ ಪ್ಲೇಟೇ. ಹೊಸ ಗಾಡಿ ಷೋರೂಮಿನಿಂದ ನೇರ ಕಮಾನು ಅಂಗಡಿಗೆ ಹೋಗಿ ಎರಡು ಪ್ಲೇಟ್ ಹಾಕಿಸಿಕೊಂಡು ಬರುವ ಪದ್ಧತಿ ನಮ್ಮಲ್ಲಿದೆ. ಪ್ಲೇಟಿನ ಬಿಗಿತ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ ಎಂಬುದನ್ನು ನೆನಪಿಡಿ: 8 ಮಿ.ಮೀ. ಪ್ಲೇಟುಗಳ ನಡುವೆ 10 ಮಿ.ಮೀ.ನದೊಂದು ಸೇರಿಸಿದರೆ ಅದು ಹೆಚ್ಚುಕಮ್ಮಿ ಎರಡು ಪ್ಲೇಟಿಗೆ ಸಮ. ಓವರ್‌ಲೋಡ್‌ಗಾಗಿ ಹಾಕಿಸಿದ ಈ ಬಿಗಿತ ಖಾಲಿ ಓಟದಲ್ಲಿ ಚಾಲಕನ ಬೆನ್ನಿಗೆ ಬಡಿಯುತ್ತದೆ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಓವರ್‌ಲೋಡ್‌ಗೆ ಕಲಂ 194ರಡಿ ₹20,000, ಮೇಲಿನ ಪ್ರತಿ ಟನ್ನಿಗೆ ₹2,000 ದಂಡ. ಆದ್ದರಿಂದ ಮೊದಲ ಕೆಲಸ, ಕಮಾನಿನ ಪ್ಲೇಟುಗಳನ್ನು ಎಣಿಸಿ, ದಪ್ಪ ಅಳೆದು, ಕಂಪನಿ ಕೈಪಿಡಿಯ ಲೆಕ್ಕದೊಂದಿಗೆ ಹೋಲಿಸಿ ನೋಡುವುದು. ಹೆಚ್ಚಿನದೇನಾದರೂ ಇದ್ದರೆ ಅದನ್ನು ತೆಗೆಸುವುದು ಸರಿಯಾದ ‘ಪ್ಲೇಟ್ ತೆಗೆಸುವಿಕೆ’. ಕಂಪನಿ ಕೊಟ್ಟದ್ದಕ್ಕೆ ಕೈ ಹಾಕಬಾರದು.

ಎರಡನೆಯದು ಗಾಳಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಯಾರೂ ಮಾಡುವುದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ‘ಹಿಂದೆ 65 ಪಾಯಿಂಟ್’ (ಪಿಎಸ್‌ಐ) ಎಂದು ಹಿಡಿಸಿದ್ದೇ ಹಿಡಿಸಿದ್ದು, ವರ್ಷಪೂರ್ತಿ ಅದೇ. ಟೈರ್ ಬದಿಯಲ್ಲಿ 106/104 ಎಂಬಂಥ ಅಂಕಿ ಕಾಣುತ್ತದಲ್ಲ, ಅದು ಹೊರುವ ಸಾಮರ್ಥ್ಯ: ಒಂಟಿ ಚಕ್ರವಾಗಿ 950 ಕೆ.ಜಿ., ಜೋಡಿಯಾಗಿ 900 ಕೆ.ಜಿ. ಅಷ್ಟು ಹೊರಲೆಂದೇ ಆ 65 ಪಾಯಿಂಟ್. ಖಾಲಿ ಗಾಡಿಯ ಹಿಂದಿನ ಒಂದು ಟೈರ್ ಹೊರುತ್ತಿರುವುದು 325 ಕೆ.ಜಿ., ಅಂದರೆ ಸಾಮರ್ಥ್ಯದ ಮೂರನೇ ಒಂದು ಪಾಲು. ಆಗ ಟೈರ್ ಕಲ್ಲುಗುಂಡಿನಂತೆ ನಡುಭಾಗದ ಮೇಲಷ್ಟೇ ನಿಲ್ಲುತ್ತದೆ. ಹಿಡಿತವೂ ಇಲ್ಲ, ಮೆತ್ತಗೂ ಇಲ್ಲ, ನಡುವಿನ ಬಟನ್ (ಟೈರಿನ ಹಿಡಿತದ ಗಟ್ಟಿ) ಬೇಗ ಸವೆಯುತ್ತದೆ.

ಸರಿಯಾದ ಒತ್ತಡ ಕಂಡುಕೊಳ್ಳುವುದು ಹೀಗೆ. ಡೀಸೆಲ್ ತುಂಬಿಸಿ, ಚಾಲಕ ಕೂತಿರುವಂತೆಯೇ ವೇ ಬ್ರಿಡ್ಜ್ ಮೇಲೆ ಮೊದಲು ಇಡೀ ಗಾಡಿ, ಆಮೇಲೆ ಹಿಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿ ತೂಗಿಸಿ. ಹಿಂದಿನ ತೂಕವನ್ನು ಎರಡರಿಂದ ಭಾಗಿಸಿ, ಟೈರ್ ಕಂಪನಿಯ ಭಾರ–ಒತ್ತಡ ಪಟ್ಟಿಯಲ್ಲಿ ಆ ಭಾರಕ್ಕಿಂತ ಒಂದೆರಡು ಮೆಟ್ಟಿಲು ಮೇಲಿನದನ್ನು ಆರಿಸಿ. ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಖಾಲಿ ಗಾಡಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಎರಡೂ ಇಲ್ಲದಿದ್ದರೆ ಹಿಂದಕ್ಕೆ 40ರ ಆಸುಪಾಸು ಸಾಕು, 36ಕ್ಕಿಂತ ಕೆಳಗೆ ಇಳಿಯಬೇಡಿ. ಬರೀ ಭಾರದ ಲೆಕ್ಕ ಹಿಡಿದರೆ ಇನ್ನೂ ಕಡಿಮೆ ಸಾಕು ಎಂದು ಉತ್ತರ ಬರುತ್ತದೆ ನಿಜ, ಆದರೆ ತಿರುವಿನಲ್ಲಿ ಟೈರ್ ಬದಿಗೆ ಮಗುಚುವುದನ್ನೂ ಗುಂಡಿಗೆ ಬಿದ್ದಾಗ ರಿಮ್ ಬಗ್ಗುವುದನ್ನೂ ಆ ಲೆಕ್ಕ ಕೇಳುವುದಿಲ್ಲ. ಸರಿ ಬಂತೇ ಎಂದು ನೋಡಲು ಟೈರ್ ಅಗಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನೇರ ಡಾಂಬರು ರಸ್ತೆಯಲ್ಲಿ 200 ಮೀಟರ್ ಓಡಿಸಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಅಂಚುಗಳು ಮಾತ್ರ ಅಳಿಸಿದ್ದರೆ ಕಡಿಮೆ. ಮುಂದಿನ ಟೈರ್‌ಗಳ ಗಾಳಿ ಇಳಿಸಬೇಡಿ. ಅಲ್ಲಿನ ಭಾರ ಬದಲಾಗುವುದಿಲ್ಲವಲ್ಲ.

ಎಚ್ಚರಿಕೆಯ ಮಾತೊಂದು, ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ: ಲೋಡ್ ಹಾಕುವ ಮುಂಚೆ ಗಾಳಿ ಮತ್ತೆ ಪೂರ್ತಿ ಏರಿಸಲೇಬೇಕು. 40 ಪಾಯಿಂಟ್‌ನಲ್ಲಿ ಒಂದೂವರೆ ಟನ್ ಹೇರಿ ಬೇಸಿಗೆಯ ಹೆದ್ದಾರಿಗೆ ಇಳಿದರೆ ಟೈರಿನ ಬದಿ ಸುತ್ತು ಸುತ್ತಿಗೂ ಮಡಚಿ, ಒಳಗೇ ಬಿಸಿ ಏರಿ, ಕೊನೆಗೆ ಸಿಡಿಯುತ್ತದೆ. ಬ್ಯಾಟರಿಗೆ ನೇರ ಜೋಡಿಸುವ 12 ವೋಲ್ಟ್ ಕಂಪ್ರೆಸರ್ ಇಟ್ಟುಕೊಂಡರೆ 40ರಿಂದ 65ಕ್ಕೆ ಏರಿಸಲು ಟೈರಿಗೆ 5 ನಿಮಿಷದ ಆಸುಪಾಸು ಹಿಡಿಯುತ್ತದೆ. ದಿನಕ್ಕೆ ಮೂರು ಸಲ ತುಂಬಿ ಮೂರು ಸಲ ಇಳಿಸುವ ಬಾಡಿಗೆ ಗಾಡಿಗೆ ಇದು ಆಗದ ಮಾತು. ಅವರು ಲೋಡಿನ ಒತ್ತಡದಲ್ಲೇ ಓಡಿಸಲಿ. ವಾರಕ್ಕೆರಡು ಸಲ ಮಂಡಿಗೆ ಹೋಗಿ ಉಳಿದ ದಿನ ಖಾಲಿ ತಿರುಗುವ ರೈತನ ಸ್ವಂತ ಗಾಡಿಗೆ ಮಾತ್ರ ಇದು ಹೇಳಿ ಮಾಡಿಸಿದ್ದು.

ಮೂರನೆಯದು ಪ್ಲೇಟುಗಳ ನಡುವಿನ ಉಜ್ಜಾಟ. ನಮ್ಮ ಅಭಿಪ್ರಾಯದಲ್ಲಿ ಹಳೆಯ ಗಾಡಿಗಳಲ್ಲಿ ಕುಣಿತಕ್ಕೆ ಇದರಷ್ಟು ದೊಡ್ಡ ಕಾರಣ ಬೇರೆ ಇಲ್ಲ, ಇದರಷ್ಟು ಅಲಕ್ಷಿತವಾದದ್ದೂ ಇಲ್ಲ. ಪ್ಲೇಟುಗಳು ಒಂದರ ಮೇಲೊಂದು ಜಾರಿದರೆ ಮಾತ್ರ ಕಮಾನು ಬಗ್ಗುತ್ತದೆ. ತುಕ್ಕು ಹಿಡಿದು, ಮಣ್ಣು ಕಚ್ಚಿಕೊಂಡರೆ ಅವು ಒಂದೇ ದಪ್ಪ ಹಲಗೆಯಂತಾಗುತ್ತವೆ. ಲೋಡಿನ ಒತ್ತಡಕ್ಕೆ ಆ ಬಿಗಿ ಸಡಿಲುತ್ತದೆ. ಖಾಲಿ ಗಾಡಿಯ ಅಲ್ಪ ಭಾರಕ್ಕೆ ಸಡಿಲುವುದೇ ಇಲ್ಲ. ಆಗ ಕಮಾನು ಇದ್ದೂ ಇಲ್ಲದಂತೆ, ಗಾಡಿ ಬರೀ ಟೈರ್‌ಗಳ ಮೇಲೆ ಸೆಕೆಂಡಿಗೆ 4ಕ್ಕೂ ಹೆಚ್ಚು ಸಲ ಕುಣಿಯುತ್ತದೆ. ಶಾಕ್ ಅಬ್ಸಾರ್ಬರ್ ಎಷ್ಟೇ ಹೊಸದಿದ್ದರೂ ಪ್ರಯೋಜನವಿಲ್ಲ, ಯಾಕೆಂದರೆ ಆಕ್ಸಲ್‌ಗೂ ಚಾಸಿಗೂ ನಡುವೆ ಚಲನೆಯೇ ಇಲ್ಲದಾಗ ಅದು ಏನನ್ನು ತಡೆದೀತು? ಇದನ್ನು ಪತ್ತೆ ಮಾಡುವುದು ಸುಲಭ. ಖಾಲಿ ಗಾಡಿಯ ಹಿಂಬದಿ ಬಂಪರ್ ಮೇಲೆ ಇಬ್ಬರು ನಿಂತು ಚಾಸಿಯ ಎತ್ತರ ಅಳೆಯಿರಿ, ನಿಧಾನ ಇಳಿದು ಮತ್ತೆ ಅಳೆಯಿರಿ, ಆಮೇಲೆ ಕೈಯಿಂದ ಎತ್ತಿ ಬಿಟ್ಟು ಅಳೆಯಿರಿ. ಕೊನೆಯ ಎರಡು ಅಳತೆಗಳಲ್ಲಿ ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಮಾನು ಕಚ್ಚಿಕೊಂಡಿದೆ ಎಂದೇ ಅರ್ಥ.

ಬಿಚ್ಚುವ ಕೆಲಸ ಅನುಭವಿಗಳದು. ಮುಂದಿನ ಚಕ್ರಗಳಿಗೆ ಕಟ್ಟೆ ಕೊಟ್ಟು, ಚಾಸಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್‌ಗೆ ಬೇರೆ ಜ್ಯಾಕ್ ಕೊಡಬೇಕು. ಬರೀ ಜ್ಯಾಕ್ ನಂಬಿ ಗಾಡಿಯ ಅಡಿಗೆ ಹೋಗಬಾರದು. ಬ್ರೇಕ್ ವಾಲ್ವಿನ ಕಡ್ಡಿ ಕಳಚುವ ಮುಂಚೆ ಅದು ಯಾವ ತೂತಿನಲ್ಲಿ, ಎಷ್ಟು ಉದ್ದಕ್ಕೆ ಇತ್ತೆಂದು ಗುರುತು ಹಾಕಿಕೊಳ್ಳಿ. ಕಮಾನು ಹೊರಬಂದ ಮೇಲೆ, ಪ್ಲೇಟುಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟಿನ ಎರಡೂ ಪಕ್ಕ ಸಿ ಕ್ಲಾಂಪ್ ಬಿಗಿದೇ ಬೋಲ್ಟ್ ಬಿಚ್ಚಬೇಕು. ಹಾಗೇ ಕತ್ತರಿಸಿದರೆ ಪ್ಲೇಟುಗಳು ಬಿಲ್ಲಿನಂತೆ ಚಿಮ್ಮಿ ಕೈ ಮುರಿಯುತ್ತವೆ. ಪ್ರತಿ ಪ್ಲೇಟನ್ನೂ ವೈರ್ ಬ್ರಷ್‌ನಿಂದ ಉಜ್ಜಿ, ಸೆಂಟರ್ ಬೋಲ್ಟಿನ ತೂತಿನ ಸುತ್ತ ಮತ್ತು ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಕೂರುವ ಜಾಗದಲ್ಲಿ ಕೂದಲೆಳೆಯ ಬಿರುಕಿದೆಯೇ ನೋಡಿ. ಮೇಲಿನ ಪ್ಲೇಟಿಗೆ ಕೆಳಗಿನದರ ತುದಿ ಕೊರೆದ ಹಳ್ಳ ಬಿದ್ದಿದ್ದರೆ, ಮೇಲ್ಮೇಲಿನದಾದರೆ ತಿಕ್ಕಿ ನುಣುಪಾಗಿಸಿ, ಆಳವಾಗಿದ್ದರೆ ಪ್ಲೇಟ್ ಬದಲಿಸಿ. ತುದಿಗಳ ನಡುವೆ ನೈಲಾನ್ ಪ್ಯಾಡ್ ಕೂರಿಸುವುದು ಅತ್ಯುತ್ತಮ. ಅದು ಸಿಗದಿದ್ದರೆ ಗ್ರಾಫೈಟ್ ಗ್ರೀಸ್ ತೆಳ್ಳಗೆ ಸವರಿ, ಧೂಳಿನ ಊರಿನಲ್ಲಿ ಅದು ಕೆಲವೇ ತಿಂಗಳು ಬಾಳುತ್ತದೆ ಎಂಬುದು ತಿಳಿದಿರಲಿ. ನಡುವಿನ ಯು ಬೋಲ್ಟ್ ಜಾಗಕ್ಕೆ ಮಾತ್ರ ಪ್ಯಾಡನ್ನಾಗಲಿ ಗ್ರೀಸನ್ನಾಗಲಿ ಹಾಕಬಾರದು. ಅಲ್ಲಿ ಮೆತ್ತನೆಯದೇನಿದ್ದರೂ ಒತ್ತಿಕೊಂಡು ತೆಳುವಾಗಿ, ಬೋಲ್ಟ್ ಸಡಿಲಾಗಿ, ಸೆಂಟರ್ ಬೋಲ್ಟ್ ತುಂಡಾಗುತ್ತದೆ.

ಜೋಡಿಸುವಾಗ ಸೆಂಟರ್ ಬೋಲ್ಟ್, ಯು ಬೋಲ್ಟ್, ನಟ್ಟುಗಳು ಹೊಸವೇ ಇರಲಿ. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಎರಡನೇ ಸಲ ಬಿಗಿ ಹಿಡಿಯುವುದಿಲ್ಲ. ನಾಲ್ಕು ನಟ್ಟುಗಳನ್ನು ಕರ್ಣವಾಗಿ, ಹಂತಹಂತವಾಗಿ, ಕೈಪಿಡಿಯ ಟಾರ್ಕಿಗೆ ಬಿಗಿದು, ಸುಮಾರು 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಪ್ಲೇಟುಗಳನ್ನು ಪಕ್ಕದಿಂದ ಹಿಡಿಯುವ ಕ್ಲಿಪ್ಪುಗಳನ್ನು ಸುತ್ತಿಗೆಯಲ್ಲಿ ಬಡಿದು ಅಮುಕಬೇಡಿ, ಪ್ಲೇಟ್ ಜಾರಲು ಎಡೆ ಇರಲಿ. ರಬ್ಬರ್ ಬುಶ್ ಇರುವ ಕಣ್ಣಿನ ಬೋಲ್ಟ್ ಮತ್ತು ಶಾಕಲ್ (ಕಮಾನಿನ ತುದಿಯನ್ನು ಚಾಸಿಗೆ ಸೇರಿಸುವ ತೂಗುಕೊಂಡಿ) ಬೋಲ್ಟುಗಳ ಕೊನೆಯ ಬಿಗಿತ ಗಾಡಿ ತನ್ನ ಚಕ್ರದ ಮೇಲೆ ನಿಂತ ನಂತರವೇ. ಆಕ್ಸಲ್ ನೇತಾಡುತ್ತಿರುವಾಗ ಬಿಗಿದರೆ ರಬ್ಬರ್ ಶಾಶ್ವತವಾಗಿ ತಿರುಚಿಕೊಂಡೇ ಇರುತ್ತದೆ. ಸವಾರಿ ಇನ್ನೂ ಬಿಗಿಯಾಗಿ, ಬುಶ್ಶು ಬೇಗ ಹರಿಯುತ್ತದೆ. ಗ್ರೀಸ್ ನಿಪ್ಪಲ್ ಇರುವ ಪಿನ್ನಾದರೆ ಪ್ರತಿ ವಾಟರ್ ಸರ್ವೀಸ್ ಆದಾಗಲೂ ಹಳೇ ಗ್ರೀಸ್ ಹೊರಬರುವ ತನಕ ಗನ್ ಹೊಡೆಸಿ. ಇನ್ನು ಸುಟ್ಟ ಆಯಿಲ್‌ಗೆ ಡೀಸೆಲ್ ಬೆರೆಸಿ ಕಮಾನಿಗೆ ಸಿಂಪಡಿಸುವ ಚಾಳಿ: ಎರಡು ದಿನ ಕಿರುಗುಟ್ಟುವುದು ನಿಲ್ಲುತ್ತದೆ, ಮೂರನೇ ದಿನ ಧೂಳು ಸೇರಿ ಸಾಣೆಕಲ್ಲಿನ ಹಿಟ್ಟಾಗುತ್ತದೆ, ರಬ್ಬರ್ ಬುಶ್ ಉಬ್ಬಿ ಹಾಳಾಗುತ್ತದೆ.

ಕಮಾನು ಕುಗ್ಗಿದ್ದರೆ ಇನ್ನೊಂದು ತೊಡಕು. ಖಾಲಿ ಇದ್ದಾಗ ಮೇಲಿನ ಹೆಲ್ಪರ್ ಪ್ಲೇಟಿನ ತುದಿಗೂ ಚಾಸಿಯಲ್ಲಿ ಅದು ಬಂದು ತಾಗುವ ಬ್ರಾಕೆಟ್ಟಿಗೂ ನಡುವೆ ಸ್ಪಷ್ಟ ಅಂತರ ಕಾಣಬೇಕು. ಮುಖ್ಯ ಪ್ಲೇಟುಗಳು ಸೋತು ಆ ಅಂತರ ಮುಚ್ಚಿದರೆ ಖಾಲಿ ಗಾಡಿಗೂ ಪೂರ್ತಿ ಲೋಡಿನ ಬಿಗಿತ ತಗಲುತ್ತದೆ. ಮುಖ್ಯ ಪ್ಲೇಟುಗಳನ್ನು ಬದಲಿಸುವುದೇ ಇದಕ್ಕೆ ದಾರಿ. ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿಕೊಡುವವರ ಬಳಿ ಹೋಗಬೇಡಿ. ಉಕ್ಕಿನ ಟೆಂಪರ್ (ಹದ) ಹೋಗಿ ಒಂದೇ ಲೋಡಿಗೆ ಮತ್ತೆ ಕೂರುತ್ತದೆ, ಇಲ್ಲವೇ ಮುರಿಯುತ್ತದೆ.

ನಾಲ್ಕನೆಯದು ಶಾಕ್ಸ್. ಖಾಲಿ ಗಾಡಿಯಲ್ಲಿ ಬಿಗಿ ಕಮಾನು ಹಗುರ ಹಿಂಭಾಗವನ್ನು ಚಿಮ್ಮಿಸುತ್ತದೆ. ಆ ಚಿಮ್ಮುವಿಕೆ ಹಿಡಿಯುವುದು ಶಾಕ್ಸ್‌ನ ಕೆಲಸ. ಗುಂಡಿ ರಸ್ತೆಯಲ್ಲಿ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಎರಡರ ಮೈಯನ್ನೂ ಜಾಗರೂಕತೆಯಿಂದ ಮುಟ್ಟಿ ನೋಡಿ. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ, ಸತ್ತದ್ದು ತಣ್ಣಗಿರುತ್ತದೆ. ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಿ. ‘ಹೆವಿ ಡ್ಯೂಟಿ’ ಎಂದು ಮಾರುವ ದಪ್ಪ ಶಾಕ್ಸ್ ಖಾಲಿ ಓಟವನ್ನು ಇನ್ನೂ ಒರಟು ಮಾಡಬಲ್ಲದು; ನಿಮ್ಮ ಮಾದರಿಯ ಅದೇ ಟನ್ನಿನ ಆವೃತ್ತಿಗೆಂದು ಬಂದದ್ದು, ಗ್ಯಾಸ್ ತುಂಬಿದ್ದು ಸಿಕ್ಕರೆ ಒಳ್ಳೆಯದು. ಉದ್ದವನ್ನೂ ಪರೀಕ್ಷಿಸಿ. ಚಾಸಿ ಎತ್ತಿ ಆಕ್ಸಲ್ ಪೂರ್ತಿ ನೇತಾಡಿಸಿದಾಗಲೂ ಶಾಕ್ಸ್ ಇನ್ನೂ 15–20 ಮಿ.ಮೀ. ಹಿಗ್ಗುವಂತಿರಬೇಕು. ಹೆಚ್ಚುವರಿ ಪ್ಲೇಟಿನಿಂದ ಎತ್ತರವಾದ ಗಾಡಿಗಳಲ್ಲಿ ಪ್ರತಿ ರಸ್ತೆ ಉಬ್ಬಿಗೂ ಶಾಕ್ಸ್ ತುದಿ ಮುಟ್ಟಿ ‘ಟಕ್’ ಎನ್ನುತ್ತದೆ. ಆ ಒದೆತವನ್ನೂ ಜನ ಕಮಾನಿನ ತಪ್ಪೆಂದು ತಿಳಿಯುತ್ತಾರೆ. ಎತ್ತರ ಬದಲಾದರೆ ಎಂಜಿನ್ ಶಕ್ತಿಯನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗಿ 60–70 ಕಿ.ಮೀ. ವೇಗದಲ್ಲಿ ನೆಲಹಾಸು ಗುಂಯ್‌ಗುಡುತ್ತದೆ, ಅದು ಬೇರೆಯೇ ಕಾಯಿಲೆ.

ಭಾರ ಇಟ್ಟುಕೊಂಡು ಓಡಿಸುವುದು ಹಳೇ ಉಪಾಯ, ತಪ್ಪೇನಲ್ಲ. ಮೇಲಿನ ಲೆಕ್ಕದಲ್ಲಿ ಹಿಂದಿನ ಆಕ್ಸಲ್ ನೇರಕ್ಕೆ 150 ಕೆ.ಜಿ. ಮರಳಿನ ಚೀಲ ಇಟ್ಟರೆ 3.6 ಇದ್ದ ಏರಿಳಿತ 3.15ಕ್ಕೆ ಇಳಿಯುತ್ತದೆ; ಪ್ಲೇಟ್ ಕಿತ್ತಾಗ ಸಿಕ್ಕಿದ್ದಕ್ಕಿಂತ ಇದು ಮೇಲು, ಬೇಡವೆಂದಾಗ ಇಳಿಸಿಬಿಡಬಹುದು. ಡೀಸೆಲ್ ಸ್ವಲ್ಪ ಹೆಚ್ಚು ಕುಡಿಯುತ್ತದೆ, ಚೀಲಗಳನ್ನು ಹಗ್ಗದಿಂದ ಬಿಗಿಯದಿದ್ದರೆ ಬ್ರೇಕ್ ಹಾಕಿದಾಗ ಕ್ಯಾಬಿನ್‌ಗೆ ಬಂದು ಗುದ್ದುತ್ತವೆ. ಕೋಲಾರ ಮಾರುಕಟ್ಟೆಯಿಂದ 15 ಕೆ.ಜಿ. ಟೊಮೆಟೊ ಹಿಡಿಸುವ ಖಾಲಿ ಕ್ರೇಟುಗಳನ್ನು ಮರಳಿ ತರುವವರು ಅವನ್ನೇ ಭಾರವಾಗಿ ಬಳಸಬಹುದು. ಆದರೆ ಹಿಂಬಾಗಿಲ ಬಳಿ ರಾಶಿ ಹಾಕದೆ ಆಕ್ಸಲ್ ಮೇಲೆ ಜೋಡಿಸಿ. ತೀರ ಹಿಂದಿಟ್ಟರೆ ಮುಂಭಾಗ ಹಗುರಾಗಿ ಗಾಡಿ ತೂಗುಯ್ಯಾಲೆ ಆಡುತ್ತದೆ.

ಗಾಳಿ ಚೀಲ, ಅಂದರೆ ಏರ್ ಹೆಲ್ಪರ್ ಬ್ಯಾಗ್ ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಮಾರುವವರಿದ್ದಾರೆ. ಅದು ಲೋಡ್ ಹೊರಲು ನೆರವಾಗುತ್ತದೆ, ನಿಜ. ಇದ್ದ ಕಮಾನಿನ ಜೊತೆಗೆ ಅದನ್ನೂ ಸೇರಿಸಿದರೆ ಖಾಲಿ ಓಟ ಮೆತ್ತಗಾಗುವುದು ಹೇಗೆ? ಬಿಗಿತ ಕೂಡುತ್ತದೆಯೇ ಹೊರತು ಕಳೆಯುವುದಿಲ್ಲ. ಪ್ಲೇಟ್ ಕಳಚಿ ಚೀಲ ನಂಬಿದರೆ, ಚೀಲ ಒಡೆದ ದಿನ ಗಾಡಿಗೆ ಆಸರೆಯೇ ಇಲ್ಲ. ನಿಜವಾದ ಪರಿಹಾರ ತಯಾರಕರ ಕೈಯಲ್ಲಿದೆ. ಎರಡು ಮೂರೇ ಪ್ಲೇಟುಗಳಿದ್ದು, ನಡುವೆ ದಪ್ಪ, ತುದಿಗೆ ತೆಳುವಾಗಿ, ನಡು ಮತ್ತು ತುದಿಯಲ್ಲಷ್ಟೇ ತಾಗುವ ಪ್ಯಾರಾಬೋಲಿಕ್ ಕಮಾನಿನಲ್ಲಿ ಉಜ್ಜಾಟ ಬಹಳ ಕಡಿಮೆ. ಅಮೆರಿಕದ ರಾಮ್ 2500 ಪಿಕಪ್ 2014ರ ಮಾದರಿಯಿಂದ ಹಿಂದೆ ಕಾಯಿಲ್ ಸ್ಪ್ರಿಂಗ್‌ಗೆ ಬದಲಾಯಿತು. ಹೆಚ್ಚು ಹೊರುವ 3500 ಕಮಾನಿನಲ್ಲೇ ಉಳಿಯಿತು. ಅಲ್ಲಿಯೂ ಭಾರ ಮತ್ತು ಸುಖದ ನಡುವೆ ಒಂದನ್ನು ಆರಿಸಿಕೊಳ್ಳಬೇಕಾಯಿತು ಎಂಬುದಕ್ಕೆ ಇದು ಸಾಕ್ಷಿ.

ಸೀಟನ್ನು ಮರೆಯಬೇಡಿ. ಕೂತು ಕೂತು ಹಪ್ಪಳವಾದ ಫೋಮ್ ಮೇಲೆ ರೆಕ್ಸಿನ್ ಕವರ್ ಹೊಲಿಸಿದರೆ ಅಂದ ಬರುತ್ತದೆ, ಸುಖವಲ್ಲ. ಒಳಗಿನ ಫೋಮನ್ನೇ ಗಟ್ಟಿ ಸಾಂದ್ರತೆಯದಕ್ಕೆ ಬದಲಿಸಿ. ತೀರ ಮೆತ್ತನೆಯ ಫೋಮ್ ಕುಣಿತವನ್ನು ತಡೆಯುವ ಬದಲು ಹೆಚ್ಚಿಸುತ್ತದೆ. ಕ್ಯಾಬಿನ್ ಕೂರುವ ರಬ್ಬರ್ ಬುಶ್ಶುಗಳು ಬಿರಿದಿದ್ದರೆ ಅವನ್ನೂ ನೋಡಿ.

ವಾಹನ ತಯಾರಕರಲ್ಲಿ ಒಂದು ವಿನಂತಿ: ಎಲ್ಲ ಪಿಕಪ್‌ಗಳ ಬಾಗಿಲಿಗೂ ಖಾಲಿ ಮತ್ತು ಭರ್ತಿ ಎಂದು ಎರಡು ಗಾಳಿ ಒತ್ತಡಗಳನ್ನು ಕನ್ನಡದಲ್ಲೇ ಅಚ್ಚು ಹಾಕಿಸಿ ಅಂಟಿಸಲಿ. ಲೋಕೋಪಯೋಗಿ ಇಲಾಖೆ ಮತ್ತು ಗ್ರಾಮ ಪಂಚಾಯಿತಿಗಳಿಗೂ ಒಂದು ಮಾತಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಮಾನದಂಡದ ಪ್ರಕಾರ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ನಯವಾದ ಕಮಾನಾಗಿರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಆಗುವಂತಿರಬೇಕು. ನಮ್ಮ ಊರುಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ, ಒಂದು ಗೇಣು ಎತ್ತರದ, ಒಂದು ಮೊಳ ಅಗಲದ ಡಾಂಬರು ದಿಬ್ಬಗಳನ್ನು ಟೇಪ್ ಹಿಡಿದು ಅಳೆದು ನೋಡುವ ಕೆಲಸ ಯಾರದ್ದು? ಕಚ್ಚಾ ರಸ್ತೆಯ ಅಲೆಗಳಿಗೂ ಇದೇ ಪ್ರಶ್ನೆ. ಮುಕ್ಕಾಲು ಮೊಳದಿಂದ ಒಂದೂವರೆ ಮೊಳ ದೂರಕ್ಕೊಂದರಂತೆ ಎದ್ದ ಅಲೆಗಳ ಮೇಲೆ 25 ಕಿ.ಮೀ. ವೇಗದಲ್ಲಿ ಹೋದರೆ ಆಕ್ಸಲ್ ಸೆಕೆಂಡಿಗೆ ಹತ್ತರಿಂದ ಇಪ್ಪತ್ತು ಸಲ ಪಟಪಟ ಹೊಡೆದುಕೊಳ್ಳುತ್ತದೆ. ಅದಕ್ಕೆ ಯಾವ ಕಮಾನೂ ಮದ್ದಲ್ಲ, ವರ್ಷಕ್ಕೊಮ್ಮೆಯಾದರೂ ಗ್ರೇಡರ್ ಓಡಿಸಿ ರಸ್ತೆ ಸಮ ಮಾಡಬೇಕು.

ಇತಿ,
ವಾಹನ ದುರಸ್ತಿ ಕೆಲಸದ ಓದುಗರು,
ಕೋಲಾರ